ಚತುರ್ದಶಿಯ ಸ್ನಾನ ಮತ್ತು ಒಂದು ಸ್ಕೆಚ್ ಪೆನ್

ನಿನ್ನೆ ಸಂಜೆ ಥಾಣೆಯಲ್ಲಿ ಲೋಕಲ್ ಹತ್ತಿ, ಲೇಡೀಸ್ ಡಬ್ಬದಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ, ಅರ್ಧ ಕೂತು ಅರ್ಧ ನಿಂತು ಡೊಂಬಿವಲಿಗೆ ಬರುತ್ತಿದ್ದೆ. ಮುಂಬ್ರಾ ದಾಟುವಷ್ಟರಲ್ಲಿ ಉಟಣೆ ಮಾರುವವಳು ಬಂದಳು. ಉಟಣೆ ಅಂದರೆ ದೀಪಾವಳಿಯ ಎಣ್ಣೆಸ್ನಾನಕ್ಕೆ ಮರಾಠಿಯವರು ಮೈಗೆ ತಿಕ್ಕಿಕೊಳ್ಳುವ ಘಮಘಮ ಪುಡಿ. ನಮ್ಮ ಉಡುಪಿ ಕಡೆಯ ಸೀಗೆಪುಡಿ, ಕಡಲೆಹಿಟ್ಟಿಗೆ ಅದು ದಾಯಾದಿ. ಯಾರದೋ ಮೊಣಕೈ ತಾಗಿ ಒಂದು ಪ್ಯಾಕೆಟ್ ಒಡೆಯಿತು ನೋಡಿ, ಡಬ್ಬದ ತುಂಬ ಪರಿಮಳ, ಅದರ ಹಿಂದೆಯೇ ಸೀನು. ಹೆಂಗಸರೆಲ್ಲ ಸೀನುತ್ತ, ನಗುತ್ತ, ಹಬ್ಬಕ್ಕೆ ಏನೇನು ಕರಿಯುವುದೆಂಬ ಮಾತಿಗೆ ಬಿದ್ದರು. ನಾನೊಬ್ಬಳು ಕಿಟಕಿಯತ್ತ ಮುಖ ತಿರುಗಿಸಿದೆ. ಅವರಿಗೆಲ್ಲ ಆ ವಾಸನೆಯಲ್ಲಿ ಹಬ್ಬ ನೆನಪಾದರೆ ನನಗೆ ನೆನಪಾಗುವುದು ನನ್ನ ಮೂರ್ಖತನ. ಸಣ್ಣಪುಟ್ಟದ್ದಲ್ಲ, ಒಬ್ಬರ ಜೀವಕ್ಕೇ ಬರುವಂಥದ್ದು.

ಆ ಒಬ್ಬರು ಶಾರದಕ್ಕ, ನನ್ನ ಗಂಡನ ಅಕ್ಕ. ನಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನಗೆ ಅಡಿಗೆಮನೆ ತೋರಿಸಿದವರು ಅತ್ತೆ. ಲೋಕಲ್ ಟ್ರೇನು ತೋರಿಸಿದವರು ಶಾರದಕ್ಕ. "ಸೆರಗು ಸೊಂಟಕ್ಕೆ ಸಿಕ್ಕಿಸು, ಬ್ಯಾಗು ಎದೆಗೆ ಒತ್ತಿಕೊ, ಮತ್ತೆ ಎಂತ ಯೋಚನೆ ಮಾಡ್ಬೇಡ. ಜನ ನಿನ್ನನ್ನು ಒಳಗೆ ಹಾಕ್ತಾರೆ" ಅಂದಿದ್ದರು. ಅವರು ರಬಾಳೆಯ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಡಿಸ್ಪ್ಯಾಚ್ ವಿಭಾಗದಲ್ಲಿದ್ದರು. ಪೆಟ್ಟಿಗೆಗಳ ಮೇಲೆ ಗುರುತು, ವಿಳಾಸ, ಯಾವ ಬದಿ ಮೇಲೆ ಬರಬೇಕೆಂಬ ಬಾಣ ಎಲ್ಲ ಸರಿಯಿದೆಯೋ ಎಂದು ನೋಡುವ ಕೆಲಸ. ಮದುವೆಯಾಗಲಿಲ್ಲ. ಅದಕ್ಕೆ ಅಯ್ಯೋ ಪಾಪ ಅನ್ನಬೇಡಿ. ಹಾಗೆ ಒಮ್ಮೆ ಅಂದವರು ಎರಡನೇ ಸಲ ಅವರೆದುರು ಅಂದದ್ದಿಲ್ಲ. ತಮ್ಮನ ಸಂಸಾರದಲ್ಲಿ, ಅಂದರೆ ಎಂಐಡಿಸಿ ಕಾರ್ಖಾನೆಗಳ ಪಕ್ಕದ ನಮ್ಮ ಎರಡು ಕೋಣೆಯ ಮನೆಯಲ್ಲಿ, ಅವರೇ ಯಜಮಾನಿ. ನಾನು ಜೋರಿನವಳು, ಅವರು ನನಗಿಂತ ಜೋರು. ದಿನಕ್ಕೊಂದು ಜಗಳ ಆಗದಿದ್ದರೆ ನಮ್ಮನೆಯವರಿಗೆ ಇಬ್ಬರಲ್ಲಿ ಯಾರಿಗೋ ಜ್ವರವೆಂಬ ಅನುಮಾನ ಬರುತ್ತಿತ್ತು.

ಥಾಣೆಯಿಂದ ವಾಶಿ ಕಡೆಗೆ ರೈಲು ಶುರುವಾಗಿ ಕೆಲವು ವರ್ಷಗಳಾಗಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಶಾರದಕ್ಕ ಬಾಗಿಲಲ್ಲಿ ಬಂದು ನಿಂತರು.

"ಒಂದು ವಿಷಯ ಹೇಳ್ಳಿಕ್ಕುಂಟು. ಬೊಬ್ಬೆ ಹಾಕುದಿಲ್ಲಾಂತ ಮೊದ್ಲು ಹೇಳು."

"ಎಂತಕ್ಕ?"

"ಇಲ್ಲಿ ಒಂದು ಗಂಟುಂಟು" ಎಂದು ಎಡ ಎದೆಯ ಮೇಲೆ, ಸೀರೆಯ ಪದರಕ್ಕೂ ತಾಗದ ಹಾಗೆ, ಗಾಳಿಯಲ್ಲೇ ಬೆರಳು ತೋರಿಸಿದರು.

"ಯಾವಾಗಿಂದ?"

"ಚೌತಿ ಹೊತ್ತಿಗೆ ಗೊತ್ತಾಯ್ತು."

ಆಗ ಶಿವರಾತ್ರಿ ಹತ್ತಿರ ಬಂದಿತ್ತು. ಲೆಕ್ಕ ನೀವೇ ಹಾಕಿ. ನಾನು ಬೊಬ್ಬೆ ಹಾಕಿದೆ. "ನೋವಿಲ್ಲ ಮಾರಾಯ್ತಿ! ನೋವಿದ್ರೆ ಹೇಳ್ತಿರ್ಲಿಲ್ವಾ?" ಅಂದರು ಅವರು. ಅಷ್ಟು ಹೇಳಿದ್ದೇ ತಡ, ನನಗೂ ಸಮಾಧಾನವಾಗಿಬಿಟ್ಟಿತು! ನಮ್ಮ ಮನೆಗಳಲ್ಲಿ ನೋವಿಲ್ಲ ಅಂದರೆ ರೋಗವಿಲ್ಲ. ಈ ರೋಗದ ಕಳ್ಳತನವೇ ಅದು, ಬರುವಾಗ ನೋಯಿಸುವುದಿಲ್ಲ ಎಂದು ಆಮೇಲೆ ಡಾಕ್ಟರರು ಹೇಳಿದರು. ನಾನಾಗ ಡಾಕ್ಟರಿಗಿಂತ ದೊಡ್ಡವಳು. ನಮ್ಮ ಕಡೆಯವರಿಗೆ ಜಗತ್ತಿನ ಸಕಲ ರೋಗವೂ ಎರಡೇ ಬಗೆ, ಉಷ್ಣ ಇಲ್ಲವೆ ಶೀತ. ಇದು ಉಷ್ಣವೆಂದು ತೀರ್ಮಾನಿಸಿ ಎಂಟು ದಿನ ಕೊತ್ತಂಬರಿ ಜೀರಿಗೆ ಕಷಾಯ, ಎಳನೀರು ಕುಡಿಸಿದೆ. ಒಂಬತ್ತನೇ ದಿನ, ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಅಶ್ವಿನಿಗೆ ಗೊತ್ತಾಯಿತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬರುವುದು ಮಾತ್ರ ಹಿಂದಿಯಲ್ಲಿ. "ಮಮ್ಮಿ, ಪಾಗಲ್ ಹೋ ಕ್ಯಾ? ನಾರಿಯಲ್ ಪಾನಿ?" ಎಂದು ಕಿರುಚಿ, ಅವತ್ತೇ ತನ್ನ ಸೋದರತ್ತೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿ ಹೋದಳು. ನಾನು ಹಿಂದಿನಿಂದ ಚಪ್ಪಲಿ ಹಾಕಿಕೊಳ್ಳುತ್ತ ಓಡಿದೆ.

ಎದೆಯ ಫೋಟೋ ತೆಗೆದರು. ಆಮೇಲೆ ಗಂಟಿನ ಚೂರನ್ನು ಸೂಜಿಯಲ್ಲಿ ತೆಗೆದು ಪರೀಕ್ಷೆ ಮಾಡಬೇಕೆಂದರು. ಅಲ್ಲಿಯೂ ನಾನು ಸುಮ್ಮನಿರಲಿಲ್ಲ. ಸೂಜಿ ಚುಚ್ಚಿದರೆ ಅದು ಕೆರಳಿ ಮೈಯೆಲ್ಲ ಹರಡುತ್ತದೆಯಂತೆ ಎಂದು, ಟ್ರೇನಿನಲ್ಲಿ ಕೇಳಿದ ಜ್ಞಾನವನ್ನು ಆಸ್ಪತ್ರೆಯ ಡಾಕ್ಟರಮ್ಮನ ಮುಂದೆ ಇಟ್ಟೆ. ಆಕೆ ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು: "ಸೂಜಿಯಿಂದ ಹರಡುವುದಿಲ್ಲ, ತಾಯಿ. ತಡ ಮಾಡಿದರೆ ಹರಡುತ್ತದೆ." ನಾನು ಎಂಟು ದಿನದ ಎಳನೀರನ್ನು ನೆನೆದು ನೆಲ ನೋಡಿದೆ.

ಕ್ಯಾನ್ಸರೇ ಎಂದು ವರದಿ ಬಂತು. ಊರಿಗೆ ಸುದ್ದಿ ಹೋಯಿತು, ಊರಿನಿಂದ ಫೋನುಗಳು ಬಂದವು. ಒಬ್ಬರು ಎಂಐಡಿಸಿಯ ಗಾಳಿಯಿಂದ ಅಂದರು, ಇನ್ನೊಬ್ಬರು ನಾಗನ ದೋಷ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಅಂದರು. ಶಾರದಕ್ಕ ಫೋನು ಕಿವಿಗಿಟ್ಟುಕೊಂಡು ಎಲ್ಲ ಕೇಳಿ, "ನಾಗನಿಗೆ ಹಾಲು ತನು ಎರೆಯುವ, ಡಾಕ್ಟರಿಗೆ ಗಂಟು ತೋರಿಸುವ. ಅವರವರ ಕೆಲಸ ಅವರವರು ಮಾಡ್ಲಿ" ಎಂದು ಇಟ್ಟುಬಿಟ್ಟರು.

ಗಂಟು ಚಿಕ್ಕದಿತ್ತು, ಅಷ್ಟು ತಿಂಗಳು ಕಾದರೂ ಚಿಕ್ಕದಾಗಿಯೇ ಇದ್ದದ್ದು ನಮ್ಮ ಪುಣ್ಯ. ಡಾಕ್ಟರಮ್ಮ ಎರಡು ದಾರಿ ಹೇಳಿದರು. ಇಡೀ ಸ್ತನ ತೆಗೆಯುವುದು ಒಂದು. ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದು, ಉಳಿದದ್ದಕ್ಕೆ ಆಮೇಲೆ ರೇಡಿಯೇಶನ್ ಕೊಡುವುದು ಇನ್ನೊಂದು. "ನಿಮ್ಮ ಮಟ್ಟಿಗೆ ಎರಡೂ ಒಂದೇ ಫಲ. ಎರಡರಲ್ಲೂ ಬಗಲಿನ ಗ್ರಂಥಿ ತೆಗೆದು ನೋಡುತ್ತೇವೆ. ಆದರೆ ಎರಡನೆಯದನ್ನು ಆರಿಸಿದರೆ ರೇಡಿಯೇಶನ್ ತಪ್ಪಿಸುವ ಹಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಅದು ಅಲ್ಲೇ ಮತ್ತೆ ಬರಬಹುದು" ಎಂದರು. ಶಾರದಕ್ಕ ಗಂಭೀರವಾಗಿ ಕೇಳಿದ ಪ್ರಶ್ನೆ ಒಂದೇ: "ಯಾವುದಕ್ಕೆ ರಜೆ ಕಡಿಮೆ?" ಡಾಕ್ಟರಮ್ಮ ನಕ್ಕರು. ಆದರೆ ಮನೆಗೆ ಬರುವಾಗ ಟ್ರೇನಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ನನ್ನದು ನನಗೆ ಇರ್ಲಿ ಮಾರಾಯ್ತಿ. ಯಾರಿಗೆ ಕಾಣದಿದ್ರೂ ನನಗೆ ಕಾಣ್ತದಲ್ಲ" ಅಂದರು. ಐವತ್ತರ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ನಾನು ಅವರ ಕೈ ಹಿಡಿದುಕೊಂಡೆ.

ಆಪರೇಶನ್ ಆಯಿತು. ಬಗಲಿನ ಒಂದು ಗ್ರಂಥಿಗೆ ಅದು ಆಗಲೇ ಹೋಗಿ ನೋಡಿ ಬಂದಿತ್ತೆಂದು ತಿಳಿದು, ಮೂರು ವಾರಕ್ಕೊಮ್ಮೆ ಕೀಮೋ ಶುರುವಾಯಿತು. ಇಷ್ಟೆಲ್ಲ ಯಾಕೆ, ಗಂಟು ತೆಗೆದಾಯಿತಲ್ಲ ಎಂದು ನಮ್ಮನೆಯವರು ಒಮ್ಮೆ ಕೇಳಿದರು. ಡಾಕ್ಟರು ಹೇಳಿದ್ದನ್ನೆಲ್ಲ ಶಾರದಕ್ಕ ತಮ್ಮದೇ ಭಾಷೆಗೆ ಇಳಿಸಿಕೊಂಡಿದ್ದರು. "ಹಿತ್ತಲಲ್ಲಿ ಒಂದು ಹೆಗ್ಗಣ ಹೊಡೆದ್ರೆ ಆಯ್ತಾ? ಬೇಲಿ ದಾಟಿ ಓಡಿದ ಮರಿಗಳನ್ನು ಹಿಡಿಬೇಕು, ಅದು ಕೀಮೋ. ಬಿಲಕ್ಕೆ ಹೊಗೆ ಹಾಕ್ಬೇಕು, ಅದು ರೇಡಿಯೇಶನ್. ಮತ್ತೆ ಅದಕ್ಕೆ ಅನ್ನ ಹಾಕುದು ನಿಲ್ಲಿಸ್ಬೇಕು, ಅದಕ್ಕೆ ಐದು ವರ್ಷ ಮಾತ್ರೆ." ಅವರ ಗಂಟು ಹೆಂಗಸರ ಹಾರ್ಮೋನನ್ನೇ ಉಂಡು ಬೆಳೆಯುವ ಜಾತಿಯದು, ಮಾತ್ರೆ ಆ ಊಟವನ್ನು ತಪ್ಪಿಸುತ್ತದೆ. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ತಿಳಿಸಿ ಹೇಳಿಲ್ಲ.

ಕೀಮೋದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಸಾರಿಗೆ ಕಬ್ಬಿಣದ ರುಚಿ, ಬಾಯಲ್ಲಿ ಹುಣ್ಣು, ಮೂರು ದಿನ ಗೋಡೆ ಕಡೆ ಮುಖ ಮಾಡಿ ಮಲಗುವುದು, ನಾಲ್ಕನೇ ದಿನ ಎದ್ದು ನನ್ನ ಒಗ್ಗರಣೆ ಸೀದಿತೆಂದು ಬೈಯುವುದು. ಸೊಂಟದವರೆಗಿದ್ದ ಜಡೆ ಹೋಯಿತು. ಅದಕ್ಕೂ ಅವರು ಅಳಲಿಲ್ಲ. ಅತ್ತದ್ದು ಯಾವುದಕ್ಕೆ ಗೊತ್ತೇ? ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಲೋಕಲ್ ಹತ್ತಿದ ದಿನ ಒಬ್ಬಳು ಹುಡುಗಿ ಎದ್ದು ಸೀಟು ಕೊಟ್ಟಳು. ಮೂವತ್ತು ವರ್ಷ ನುಗ್ಗಿ, ತಳ್ಳಿ, ತಾನೇ ಸೀಟು ಸಂಪಾದಿಸಿದವರಿಗೆ ಅದೊಂದು ತಡೆಯಲಾಗಲಿಲ್ಲ. "ನನ್ನನ್ನು ಮುದುಕಿ ಮಾಡಿಬಿಟ್ಟಿತಲ್ಲ" ಎಂದು ಮನೆಗೆ ಬಂದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನವರಾತ್ರಿ ಮುಗಿದು, ರೇಡಿಯೇಶನ್ ಬಂತು. ಐದು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ. ಆಸ್ಪತ್ರೆ ನವಿ ಮುಂಬಯಿಯಲ್ಲಿ. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಗಾಡಿ ಬದಲಿಸಿ ಮುಂದೆ. ದಾರಿಯಲ್ಲೇ ರಬಾಳೆ. ಶಾರದಕ್ಕನಿಗೆ ಇದು ಬಹಳ ಒಪ್ಪಿಗೆಯಾಯಿತು. ದಿನಾ ಒಂದೇ ಹೊತ್ತು, ಒಂದೇ ಗಾಡಿ, ಒಂದೇ ಮುಖಗಳು, ಶನಿವಾರ ಭಾನುವಾರ ರಜೆ. "ಇದು ಟ್ರೀಟ್‌ಮೆಂಟಲ್ಲ, ಇದು ಸರ್ವಿಸ್" ಎಂದು ಹೊಸ ಪಾಸು ಮಾಡಿಸಿದರು. ಬೆಳಿಗ್ಗೆ ಮಷೀನಿನ ಕೆಳಗೆ ಮಲಗುವುದು, ವಾಪಸು ಬರುವಾಗ ರಬಾಳೆಯಲ್ಲಿ ಇಳಿದು ಅರ್ಧ ದಿನ ಆಫೀಸು. ನಾನು ಜೊತೆಗೆ ಹೋಗಿ, ಅವರನ್ನು ಕಂಪನಿಯ ಗೇಟಿಗೆ ಬಿಟ್ಟು ಬರುತ್ತಿದ್ದೆ.

ಮೊದಲ ದಿನವೇ ಅಳತೆ ಮಾಡಿ ಅವರ ಎದೆಯ ಮೇಲೆ ನೇರಳೆ ಬಣ್ಣದ ಗೆರೆಗಳನ್ನು ಎಳೆದಿದ್ದರು. ನಡು ಎದೆಯಲ್ಲಿ ಒಂದು, ಬಗಲ ಕೆಳಗೆ ಒಂದು, ಸ್ತನದ ಅಡಿಯಲ್ಲಿ ಒಂದು. ರೇಡಿಯೇಶನ್ನಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಕಿರಣ ನೇರವಾಗಿ ಎದೆಗೆ ಹೊಡೆಯುವುದಿಲ್ಲ, ಓರೆಯಾಗಿ ಬದಿಯಿಂದ ಸವರಿಕೊಂಡು ಹೋಗುತ್ತದೆ. ಹಿಂದೆ ಶ್ವಾಸಕೋಶ, ಎಡಗಡೆಯಾದ್ದರಿಂದ ಅಲ್ಲೇ ಹೃದಯ. ಗೆರೆಯೇ ಗಡಿ. ಮಷೀನು ನಡೆಸುವ ಟೆಕ್ನಿಶಿಯನ್ ಬಸವರಾಜ ವಿಜಯಪುರ ಕಡೆಯವನು. ನಮ್ಮ ಕನ್ನಡ ಕೇಳಿ ಅವನಿಗೆ ಖುಷಿಯೂ ಆಗಿತ್ತು, ಅರ್ಧ ಅರ್ಥವೂ ಆಗುತ್ತಿರಲಿಲ್ಲ. "ಅಕ್ಕಾರ, ಈ ಗೆರಿಗೆ ನೀರ್ ಮುಟ್ಟಸಬ್ಯಾಡ್ರಿ, ಸೋಪ್ ಹಚ್ಚಬ್ಯಾಡ್ರಿ, ಎಣ್ಣಿ ಅಂತೂ ಬ್ಯಾಡೇ ಬ್ಯಾಡ" ಎಂದು ಇಬ್ಬರಿಗೂ ಕೈಮುಗಿದು ಹೇಳಿದ್ದ. ಶಾರದಕ್ಕ ಚಾಚೂ ತಪ್ಪದೆ ಪಾಲಿಸಿದರು. ಕುತ್ತಿಗೆಯಿಂದ ಸೊಂಟದವರೆಗೆ ಒದ್ದೆ ಬಟ್ಟೆಯಲ್ಲಿ, ಗೆರೆ ಬಿಟ್ಟು ಗೆರೆ, ಒರೆಸಿಕೊಳ್ಳುವುದಷ್ಟೇ.

ನರಕ ಚತುರ್ದಶಿ ಬಂತು. ಮರುದಿನ ಲಕ್ಷ್ಮೀಪೂಜೆಯಿಂದ ಮಷೀನಿಗೆ ರಜೆ, ಚತುರ್ದಶಿಯ ಬೆಳಿಗ್ಗೆ ಮಾತ್ರ ಹೋಗಬೇಕಿತ್ತು. ನಮ್ಮ ಕಡೆ ಆ ದಿನ ಬೆಳಗಾಗುವ ಮೊದಲು ಎಣ್ಣೆಸ್ನಾನ ಮಾಡದವರು ಇಲ್ಲವೇ ಇಲ್ಲ. ಹಿಂದಿನ ಸಂಜೆಯೇ ಬಚ್ಚಲಿನ ಹಂಡೆ ತೊಳೆದು, ಅದಕ್ಕೆ ಬಳ್ಳಿ ಸುತ್ತಿ, ಗಂಟೆ ಬಾರಿಸಿ ನೀರು ತುಂಬಿಸುವವರು ನಾವು. ಡೊಂಬಿವಲಿಯಲ್ಲಿ ಹಂಡೆ ಹೋಗಿ ಗೀಸರು ಬಂದರೂ, ನಾನು ಗೀಸರಿಗೊಂದು ಕುಂಕುಮದ ಬೊಟ್ಟು ಇಟ್ಟು, ಬಕೆಟ್ಟಿಗೆ ಸೇವಂತಿಗೆ ಕಟ್ಟುತ್ತಿದ್ದೆ. ಮನೆಯವರೆಲ್ಲರ ಸ್ನಾನವಾಯಿತು. ಶಾರದಕ್ಕ ಮಣೆಯ ಮೇಲೆ ಕೂತು, ನಾನು ಎಲ್ಲರ ನೆತ್ತಿಗೂ ಎಣ್ಣೆ ಒತ್ತುವುದನ್ನು ನೋಡುತ್ತಿದ್ದರು. ಅವರ ತಲೆಯಲ್ಲಿ ಆಗಷ್ಟೇ ಹೊಸ ಕೂದಲು, ಎಳೆ ಮಗುವಿನ ಹಾಗೆ, ಬೂದು ಬಣ್ಣದಲ್ಲಿ ಚಿಗುರುತ್ತಿತ್ತು.

"ನನಗೆ ತಲೆಗೊಂದು ಬೊಟ್ಟು ಇಡು ಸಾಕು, ಶಾಸ್ತ್ರಕ್ಕೆ" ಅಂದರು.

ನಾನು ಬೊಟ್ಟು ಇಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅಂಗೈಗೆ ಆ ಮೆತ್ತನೆಯ ತಲೆ ತಾಗಿದ್ದೇ ತಾಗಿದ್ದು, ನನ್ನ ಬುದ್ಧಿ ಕರಗಿತು. ಐವತ್ತು ವರ್ಷ ತಪ್ಪದ ಸ್ನಾನ, ಮೂರು ವಾರ ನೀರು ಕಾಣದ ಮೈ, ವರ್ಷದ ಹಬ್ಬ! ದೇವರ ಹಬ್ಬಕ್ಕೆ ಡಾಕ್ಟರ ಕಟ್ಟಳೆ ಅಡ್ಡ ಬರುವುದುಂಟೇ? ಒಂದು ದಿನಕ್ಕೆ ಏನಾಗುತ್ತದೆ? "ಬನ್ನಿ ಅಕ್ಕ" ಎಂದು ಬಚ್ಚಲಿಗೆ ಕರೆದುಕೊಂಡು ಹೋದೆ. "ಗೆರೆ?" ಅಂದರು. "ಗೆರೆಗೆ ತಾಗದ ಹಾಗೆ ಹಾಕ್ತೇನೆ, ನೀವು ಕಣ್ಣು ಮುಚ್ಚಿ ಕೂತ್ಕೊಳ್ಳಿ" ಅಂದೆ. ಬಿಸಿ ಎಣ್ಣೆ, ಆಮೇಲೆ ಪಕ್ಕದ ಮನೆಯವರು ಕೊಟ್ಟ ಉಟಣೆ, ಬಿಸಿಬಿಸಿ ನೀರು. ಶಾರದಕ್ಕ ಕಣ್ಣು ಮುಚ್ಚಿ, "ಅಬ್ಬ, ಜೀವ ಬಂತು" ಅಂದರು. ಆ ಮಾತು ಕೇಳಿ ನನ್ನ ಕೈ ಇನ್ನೂ ಜೋರಾಗಿ ಓಡಿತು. ಎಣ್ಣೆಗೂ ನನ್ನ ಹಾಗೆಯೇ ಗಡಿಯ ಪರಿವೆ ಇಲ್ಲ. ಟವೆಲ್ಲಿನಲ್ಲಿ ಒರೆಸಿ ನೋಡುತ್ತೇನೆ, ಎದೆ ಬೆಳ್ಳಿ ತಟ್ಟೆಯ ಹಾಗೆ ಶುಭ್ರ. ಟವೆಲ್ಲು ಮಾತ್ರ ನೇರಳೆ.

ಈಗ ಕೇಳಿ ಮೂರ್ಖತನದ ಎರಡನೇ ಅಧ್ಯಾಯ. ಅಶ್ವಿನಿಯ ಡ್ರಾಯಿಂಗ್ ಡಬ್ಬಿಯಿಂದ ನೇರಳೆ ಸ್ಕೆಚ್ ಪೆನ್ ತಂದೆ. ದಿನಾ ಸೀರೆ ಉಡಿಸಿದವಳು ನಾನು, ಗೆರೆ ಎಲ್ಲಿತ್ತೆಂದು ನನಗಲ್ಲದೆ ಯಾರಿಗೆ ಗೊತ್ತು? ರಂಗೋಲಿ ಹಾಕಿ ಪಳಗಿದ ಕೈ. ನಡುವಿನಲ್ಲಿ ಒಂದು, ಬಗಲಲ್ಲಿ ಒಂದು, ಅಡಿಯಲ್ಲಿ ಒಂದು ಚಂದದ ಬಿಲ್ಲು. ಅಶ್ವಿನಿ ಬಾಗಿಲು ತಟ್ಟಿ, "ಮಮ್ಮಿ, ಮೇರಾ ಪೆನ್ ಕ್ಯೂ ಲಿಯಾ?" ಎಂದು ಕೇಳಿದರೂ ಬಾಯಿ ಬಿಡಲಿಲ್ಲ.

"ಸರಿಯಾಗಿ ಎಳೆದಿದ್ದಿಯಲ್ಲ?" ಶಾರದಕ್ಕ ಕೇಳಿದರು.

"ಇದ್ದ ಹಾಗೇ ಉಂಟು. ಯಾರಿಗೂ ಹೇಳ್ಳಿಕ್ಕೆ ಹೋಗ್ಬೇಡಿ" ಅಂದೆ.

ಹಬ್ಬದ ದಿನ ಥಾಣೆಯಿಂದ ಮುಂದಿನ ಗಾಡಿ ಖಾಲಿ. ಇಬ್ಬರಿಗೂ ಕಿಟಕಿ ಸೀಟು. ಶಾರದಕ್ಕ ಹೊಸ ಸೀರೆಯಲ್ಲಿ, ಎಣ್ಣೆಯ ಮುಖದಲ್ಲಿ, ಬಹಳ ದಿನದ ಮೇಲೆ ಹಗುರಾಗಿದ್ದರು. ರಬಾಳೆ ಬಂದಾಗ ತಮ್ಮ ಕಂಪನಿಯ ದಿಕ್ಕಿಗೆ ನೋಡಿ ಒಂದು ಕತೆ ಹೇಳಿದರು. ಹಿಂದೆ ಯಾರೋ ಹೊಸಬ ಎರಡು ಪೆಟ್ಟಿಗೆಯ ಗುರುತು ಅದಲು ಬದಲು ಬರೆದಿದ್ದ. ನಾಶಿಕಕ್ಕೆ ಹೋಗಬೇಕಾದ ಯಂತ್ರ ನಾಗಪುರಕ್ಕೆ ಹೋಯಿತು. "ಸಾಮಾನಲ್ಲಿ ತಪ್ಪಿಲ್ಲ, ಪೆಟ್ಟಿಗೆಯಲ್ಲಿ ತಪ್ಪಿಲ್ಲ, ಲಾರಿಯವನಲ್ಲೂ ತಪ್ಪಿಲ್ಲ. ಗುರುತು ಒಂದು ತಪ್ಪಿದ್ರೆ ಎಲ್ಲ ಹಾಳು" ಅಂದರು. ಬೇಕೆಂದೇ ಹೇಳಿದರೋ, ಹಾಗೇ ಬಾಯಿಗೆ ಬಂತೋ, ಇವತ್ತಿಗೂ ನನಗೆ ತಿಳಿಯದು. ನನಗೆ ಡಾಕ್ಟರು ಬರೆದ ಚಿತ್ರ ಕಣ್ಣ ಮುಂದೆ ಬಂತು. ಓರೆಯಾಗಿ ಬರುವ ಕಿರಣ, ಅದರ ಹಿಂದೆಯೇ ಹೃದಯ. ನನ್ನ ಚಂದದ ಬಿಲ್ಲು ಒಂದು ಬೆರಳಷ್ಟು ಆಚೆ ಇದ್ದರೆ? ಈಚೆ ಇದ್ದು, ಬಿಲದ ಬಾಯಿಗೆ ಹೊಗೆಯೇ ಹೋಗದಿದ್ದರೆ? ಆದರೂ ಹೇಳಲು ನಾಚಿಕೆ. ನೋಡಿ, ಜೀವ ಹೋಗುವ ಹೊತ್ತಿನಲ್ಲೂ ಮನುಷ್ಯರಿಗೆ ಮರ್ಯಾದೆಯದ್ದೇ ಚಿಂತೆ.

ಆಸ್ಪತ್ರೆಯಲ್ಲಿ ಹೆಸರು ಕೂಗಿದರು. ಶಾರದಕ್ಕ ಬ್ಯಾಗು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆ ದಪ್ಪ ಬಾಗಿಲ ಮೇಲೊಂದು ಕೆಂಪು ದೀಪ ಇದೆ, ಮಷೀನು ನಡೆಯುವಾಗ ಉರಿಯುತ್ತದೆ. ನಾನು ಆ ದೀಪವನ್ನೇ ನೋಡುತ್ತ ಕೂತೆ. ಇನ್ನೇನು ಉರಿಯುತ್ತದೆ ಅನ್ನಿಸಿದ್ದೇ ಎದ್ದು ಓಡಿದೆ. ಎರಡೂ ಕೈಯಲ್ಲಿ ಬಾಗಿಲು ಬಡಿದೆ. ಹೊರಗೆ ಕೂತಿದ್ದ ಮರಾಠಿ, ಗುಜರಾತಿ, ಹಿಂದಿ ಜನರೆಲ್ಲರ ಎದುರು ಅಚ್ಚ ಕನ್ನಡದಲ್ಲಿ ಕಿರುಚಿದೆ: "ನಿಲ್ಸಿ! ಆ ಗೆರೆ ನಾನು ಎಳೆದದ್ದು! ನಿಲ್ಸಿ!"

ಬಾಗಿಲು ತೆರೆದು ಬಸವರಾಜ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟೋ ನಗುವೋ ತಿಳಿಯಲಿಲ್ಲ. "ಮಷೀನ್ ಹಚ್ಚಿಲ್ರಿ. ಒಳಗ ಬರ್ರಿ" ಅಂದ.

ಒಳಗೆ ಡಾಕ್ಟರು ಬಂದಿದ್ದರು. ಶಾರದಕ್ಕ ಮೇಜಿನ ಮೇಲೆ ಮಲಗಿ, ಚಾದರ ಕುತ್ತಿಗೆವರೆಗೆ ಎಳೆದುಕೊಂಡು, ಛಾವಣಿ ನೋಡುತ್ತ ದೃಢವಾಗಿ ಹೇಳುತ್ತಿದ್ದರು: "ನಾನೇ ಎಳೆದದ್ದು."

"ಅಕ್ಕಾರ, ನಿಮ್ಮ ಕೈ ಬಗಲ ಹಿಂದಕ ಹೆಂಗ್ ಹೋತ್ರಿ? ನಮ್ಮ ಇಂಕಿಗೆ ಹಿಂಗ್ ಹೊಳಪಿರ್ತೈತೇನು? ಇಂಥಾ ಡಿಸೈನ್ ಗೆರಿ ನಾವ್ ಎಳದ್ರ ನಮ್ಮನ್ನ ನಾಳೆನ ಊರಿಗೆ ಕಳಸ್ತಾರ" ಅಂದ ಬಸವರಾಜ.

"ನಾನೇ ಎಳೆದದ್ದು" ಅಂದರು ಶಾರದಕ್ಕ ಮತ್ತೆ.

ನನ್ನಂಥವಳನ್ನು ಬೈಗುಳದಿಂದ ಉಳಿಸಲು ಆಕೆ ಸುಳ್ಳು ಹೇಳುತ್ತಿದ್ದರು. ಬದುಕಿನಲ್ಲಿ ಒಂದು ಪೆಟ್ಟಿಗೆಯ ಮೇಲೂ ತಪ್ಪು ಗುರುತು ಬಿಡದವರು. ನಾನು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಸ್ನಾನ, ಎಣ್ಣೆ, ಉಟಣೆ, ಸ್ಕೆಚ್ ಪೆನ್ ಎಲ್ಲವನ್ನೂ ಒಪ್ಪಿಸಿದೆ. ಡಾಕ್ಟರು ಹಿಂದಿಯಲ್ಲಿ ಬೈದರು. ಸರಿಯಾಗಿಯೇ ಬೈದರು, ಪ್ರತಿ ಮಾತಿಗೂ ನಾನು ಹೂಂ ಅಂದೆ. ಇವತ್ತು ಕಿರಣ ಕೊಡುವ ಹಾಗಿಲ್ಲ, ರಜೆ ಮುಗಿದ ಮೇಲೆ ಮತ್ತೆ ಅಳತೆ ಮಾಡಿ ಹೊಸ ಗೆರೆ ಎಳೆಯಬೇಕು, ತಪ್ಪಿದ ದಿನವನ್ನು ಕೊನೆಗೆ ಸೇರಿಸುತ್ತೇವೆ ಅಂದರು. "ಒಂದು ದಿನ ತಪ್ಪಿದರೆ ಸರಿಪಡಿಸಬಹುದು. ತಪ್ಪು ಜಾಗಕ್ಕೆ ಕೊಟ್ಟರೆ ಅದನ್ನು ವಾಪಸು ತೆಗೆಯಲಾಗುವುದಿಲ್ಲ. ಬಾಗಿಲು ಬಡಿದಿರಲ್ಲ, ಅಷ್ಟು ಒಳ್ಳೆಯದು ಮಾಡಿದಿರಿ" ಎಂದು ಹೊರಟುಹೋದರು.

ವಾಪಸು ಬರುವಾಗ ಶಾರದಕ್ಕ ಒಂದು ಮಾತೂ ಬೈಯಲಿಲ್ಲ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಡೊಂಬಿವಲಿಯಲ್ಲಿ ಇಳಿಯುವಾಗ ಮಾತ್ರ, "ಸ್ನಾನ ಒಳ್ಳೆದಾಗಿತ್ತು ಆಯ್ತಾ" ಅಂದರು. ಆ ದೀಪಾವಳಿಯ ಮೂರು ದಿನವೂ ನಾನು ಹಣತೆ ಹಚ್ಚಿದ್ದು ದೇವರಿಗಲ್ಲ, ಹೆದರಿಕೆಗೆ. ಬಿಟ್ಟುಹೋದ ಒಂದು ದಿನದಲ್ಲಿ ಅದು ಎಲ್ಲಾದರೂ ತಲೆಯೆತ್ತಿದರೆ ಎಂದು ದಿನ ಎಣಿಸುತ್ತಿದ್ದೆ. ಅವತ್ತೇ ಆಣೆ ಇಟ್ಟುಕೊಂಡೆ: ಇನ್ನು ಇವರ ಮಾತಿಗೆ ಎದುರಾಡುವುದಿಲ್ಲ.

ರಜೆ ಮುಗಿದ ಮೇಲೆ ಬಸವರಾಜ ಹೊಸ ಗೆರೆ ಎಳೆದ. ಒಂದು ದಿನವೂ ತಪ್ಪದೆ ಶಾರದಕ್ಕ ಹೋದರು. ಬಗಲ ಚರ್ಮ ಕಪ್ಪಾಯಿತು, ಸುಟ್ಟ ಹಾಗೆ ಉರಿಯಿತು, ಕೊನೆಯ ವಾರ ಕುಪ್ಪಸದ ಬದಲು ನಮ್ಮನೆಯವರ ಹಳೆಯ ಹತ್ತಿ ಅಂಗಿ ಹಾಕಿ ಮೇಲೆ ಸೀರೆ ಸುತ್ತಿಕೊಂಡು ಹೋದರು. ಕೊನೆಯ ದಿನ ಬಸವರಾಜನಿಗೆ ಕೈಯಾರೆ ಮಾಡಿದ ಕಾಯಿ ಬರ್ಫಿ ಕೊಟ್ಟರು. ಅವನು, "ಇನ್ನ ಈ ಕಡೆ ಬರಬ್ಯಾಡ್ರಿ ಅಕ್ಕಾರ" ಎಂದು ಕಾಲಿಗೆ ನಮಸ್ಕಾರ ಮಾಡಿದ. ಅವತ್ತು ರಬಾಳೆಯಲ್ಲಿ ಇಳಿದು ಇಡೀ ದಿನ ಕೆಲಸ ಮಾಡಿದರು.

ಚರ್ಮ ಮಾಗಲು ಕೆಲವು ವಾರ ಬೇಕಾಯಿತು. ಡಾಕ್ಟರು ಸರಿ ಎಂದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಶಾರದಕ್ಕ ಮಣೆ ಹಾಕಿ ಕೂತು, "ಎಣ್ಣೆ ತಾ" ಅಂದರು. ನಾನು ಹಿಂದೆ ಸರಿದೆ. "ಎಂತ ಹೆದರುದು? ಬಿಲಕ್ಕೆ ಹೊಗೆ ಹಾಕಿ ಆಯ್ತು. ನನಗೆ ಇವತ್ತು ಚತುರ್ದಶಿ" ಅಂದರು. ಅಷ್ಟರಲ್ಲಿ ತಲೆಯಲ್ಲಿ ಅರ್ಧ ಬೆರಳು ಕೂದಲು, ಅದೂ ಗುಂಗುರು! ನಾನು ಎಣ್ಣೆ ಹಾಕಿದೆ. ಬಿಸಿನೀರು ಸುರಿದಾಗ ಬಸವರಾಜನ ನೇರಳೆ ಗೆರೆ ಕರಗಿ, ಮೊಣಕಾಲ ಮೇಲೆ ಹರಿದು, ಬಚ್ಚಲಿನ ತೂಬಿಗೆ ಹೋಯಿತು. ಇಬ್ಬರೂ ಅದನ್ನು ನೋಡುತ್ತ ನಕ್ಕೆವು. ಅಷ್ಟು ಗಟ್ಟಿಯಾಗಿ ನಕ್ಕದ್ದಕ್ಕೆ ಕೆಳಮನೆಯವರು ಏನಾಯಿತೆಂದು ಮೇಲೆ ಬಂದರು.

ಆಮೇಲೆ ಐದು ವರ್ಷ ಮಾತ್ರೆ, ಮೊದಮೊದಲು ಮೂರು ತಿಂಗಳಿಗೊಮ್ಮೆ, ಮತ್ತೆ ಆರು ತಿಂಗಳಿಗೊಮ್ಮೆ, ಈಗ ವರ್ಷಕ್ಕೊಮ್ಮೆ ಪರೀಕ್ಷೆ. ನಿವೃತ್ತಿಯಾಯಿತು. ಅಶ್ವಿನಿಯ ಮದುವೆಯಾಯಿತು. ನನಗೂ ವಯಸ್ಸಾಯಿತೆಂದು ಅವರೇ ನನ್ನನ್ನು ಎಳೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದರು. ಅಷ್ಟೂ ವರ್ಷ ನಾನು ಆಣೆ ಮುರಿಯಲಿಲ್ಲ. ಅವರು ಹಗಲನ್ನು ರಾತ್ರಿ ಅಂದರೂ ಹೌದಕ್ಕ ಅಂದೆ. ಅವರು ಕೆಮ್ಮಿದರೆ ಕಿವಿಗೊಟ್ಟೆ, ಬೆನ್ನು ನೋವು ಅಂದರೆ ನಿದ್ದೆಗೆಟ್ಟೆ. ಮನೆ ಎಷ್ಟು ಶಾಂತವಾಗಿತ್ತೆಂದರೆ ನಮ್ಮನೆಯವರೇ ಬೇಸತ್ತು ಟಿವಿ ಜೋರು ಮಾಡುತ್ತಿದ್ದರು.

ಇವತ್ತು ಬೆಳಿಗ್ಗೆ ಚಕ್ಕುಲಿ ಹಿಟ್ಟು ಕಲಸುತ್ತಿದ್ದೆ. ಶಾರದಕ್ಕ ಬಂದು ಬೆರಳಲ್ಲಿ ಮುಟ್ಟಿ, "ಇದೆಂತ ಹಿಟ್ಟಾ, ಗಂಜಿಯಾ? ಇಷ್ಟು ವರ್ಷ ಎಂತ ಕಲಿತದ್ದು ನೀನು?" ಅಂದರು.

"ಹಾಗಾದ್ರೆ ನೀವೇ ಮಾಡಿ!" ಎಂದು ಪಾತ್ರೆ ಅವರ ಮುಂದೆ ಕುಕ್ಕಿದೆ. ಹೇಗೆ ಬಂತೋ ಬಾಯಿಗೆ!

"ಮಾಡ್ತೇನೆ, ಕೈ ಉಂಟು ನನಗೆ!"

"ಕೈ ಮಾತ್ರ ಅಲ್ಲ, ಬಾಯಿಯೂ ಉಂಟು!"

"ನಿನಗಿಂತ ಕಡಿಮೆಯೇ!"

ಒಂದಕ್ಕೊಂದು ಬೆಳೆದು, ಹಳೆಯ ಒಗ್ಗರಣೆ, ಅತ್ತೆಯ ಕಾಲದ ಉಪ್ಪಿನಕಾಯಿ ಎಲ್ಲ ಹೊರಬಂತು. ಶಾರದಕ್ಕ ಧಡಾರೆಂದು ಕೋಣೆಯ ಬಾಗಿಲು ಹಾಕಿಕೊಂಡರು. ನಮ್ಮನೆಯವರು ಪೇಪರು ಹಿಡಿದು ಗಾಬರಿಯಿಂದ ಅಡಿಗೆಮನೆಗೆ ಬಂದರು.

"ಹೋಗಿ ಸಮಾಧಾನ ಮಾಡು ಮಾರಾಯ್ತಿ."

"ನಾನ್ಯಾಕೆ ಹೋಗುದು? ತಪ್ಪು ಅವರದ್ದು. ಅವರ ಹತ್ರ ನಾಳೆ ಮಾತಾಡಿದ್ರಾಯ್ತು" ಅಂದೆ.

ಹೇಳಿ ಹಿಟ್ಟಿಗೆ ಕೈ ಹಾಕಿದವಳು ಹಾಗೇ ನಿಂತೆ. ನಮ್ಮನೆಯವರೂ ನನ್ನ ಮುಖ ನೋಡಿದರು. ಶಾರದಕ್ಕನ ವಿಷಯದಲ್ಲಿ ಈ ಮನೆಯಲ್ಲಿ ಯಾರಾದರೂ ನಾಳೆ ಅಂದು ಹತ್ತು ವರ್ಷಕ್ಕೂ ಮೇಲಾಗಿತ್ತು. ಇದ್ದ ಮಾತನ್ನೆಲ್ಲ ಇವತ್ತೇ ಆಡಿ ಮುಗಿಸುತ್ತಿದ್ದೆವು ನಾವು, ಒಳ್ಳೆಯ ಮಾತನ್ನು ಮಾತ್ರ. ಈಗ ಯಾವ ಹೆದರಿಕೆಯೂ ಇಲ್ಲದೆ, ಒಂದು ಜಗಳವನ್ನು ಅರ್ಧಕ್ಕೆ ಬಿಟ್ಟು ನಾಳೆಗೆ ಇಟ್ಟುಕೊಂಡಿದ್ದೆ. ಗೆದ್ದೆವಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಒಳಗಿನಿಂದ ಶಾರದಕ್ಕನ ಧ್ವನಿ ಬಂತು: "ನಾಳೆ ನಾನೂ ಮಾತಾಡುದಿಲ್ಲ!"

"ನಾಡಿದ್ದು ನೋಡುವ!" ಎಂದು ನಾನೂ ಕೂಗಿದೆ.